ನಗರದ ಗಾಳಿಯಲ್ಲಿನ ವಾಸನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ವಾಯುಮಾಲಿನ್ಯದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಹೊಗೆ, ಧೂಳುಗಳಿಗಿಂತ ದುರ್ವಾಸನೆಯ ಪ್ರಸ್ತಾಪವೇ ಹೆಚ್ಚಾಗಿದ್ದುದರಿಂದ ಈ ಬಾರಿಯ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ; ಊರು ಮತ್ತು ಸಂಸ್ಥೆಗಳ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಸಂಜೆಯಾದರೆ ಕೊಳೆತ ನಾತ ತಡೆಯಲಾಗುವುದಿಲ್ಲ. ಆದರೆ ಮೊಬೈಲಿನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ನೋಡಿದರೆ ‘ಉತ್ತಮ’ ಎಂದೇ ಇರುತ್ತದೆ. ಮೂಗನ್ನು ನಂಬಬೇಕೋ, ಯಂತ್ರವನ್ನು ನಂಬಬೇಕೋ?

ಉತ್ತರ: ಎರಡನ್ನೂ ನಂಬಬಹುದು, ಆದರೆ ಅವೆರಡು ಹೇಳುತ್ತಿರುವ ಸಂಗತಿಗಳು ಬೇರೆ ಬೇರೆ. ಸೂಚ್ಯಂಕವನ್ನು ಲೆಕ್ಕ ಹಾಕುವಾಗ ಮುಖ್ಯವಾಗಿ ಸೂಕ್ಷ್ಮ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಓಝೋನ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗಳನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಕೊಳೆತ ಎಲೆಕೋಸಿನ ವಾಸನೆಯ ಮಿಥೈಲ್ ಮರ್ಕ್ಯಾಪ್ಟನ್, ಮೀನಿನ ವಾಸನೆಯ ಟ್ರೈಮಿಥೈಲ್ ಅಮೀನ್ ಮುಂತಾದವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಇನ್ನೊಂದು ತೊಡಕು ಕಾಲಾವಧಿಯದು. ಸೂಚ್ಯಂಕವು ಹಲವು ಗಂಟೆಗಳ, ಕೆಲವೊಮ್ಮೆ ಇಡೀ ದಿನದ ಸರಾಸರಿಯನ್ನು ಆಧರಿಸಿದ್ದರೆ, ವಾಸನೆ ಒಂದೇ ಉಸಿರಿನಲ್ಲಿ ಅನುಭವಕ್ಕೆ ಬರುತ್ತದೆ. ಹತ್ತು ನಿಮಿಷ ಬೀಸಿ ಹೋದ ಗಬ್ಬುನಾತ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯಲ್ಲಿ ಹೇಳಹೆಸರಿಲ್ಲದಂತಾಗುತ್ತದೆ. ಮಾಪನ ಕೇಂದ್ರ ನಿಮ್ಮ ಮನೆಯಿಂದ ಕೆಲವು ಕಿಲೋಮೀಟರ್ ದೂರದಲ್ಲಿದ್ದರಂತೂ ಆ ಗಾಳಿ ಅತ್ತ ಸುಳಿದೇ ಇರುವುದಿಲ್ಲ.

ಹಾಗೆಂದು ಮೂಗನ್ನೇ ಮಾಪಕವೆಂದು ಒಪ್ಪಿಕೊಳ್ಳುವಂತೆಯೂ ಇಲ್ಲ. ಗಂಧಕದ ಕೆಲವು ಸಂಯುಕ್ತಗಳನ್ನು ನಮ್ಮ ಮೂಗು ಶತಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗಗಳಿದ್ದರೂ ಗುರುತಿಸಬಲ್ಲದು; ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುವಷ್ಟಿದ್ದರೂ ಗುರುತಿಸಲಾರದು. ಸೂಕ್ಷ್ಮ ಕಣಗಳ, ಅಂದರೆ ಪಿಎಂ 2.5ರ, ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅದರ ಹತ್ತು ಪಟ್ಟು ಕಣಗಳಿದ್ದರೂ ಗಾಳಿಗೆ ಯಾವ ವಾಸನೆಯೂ ಇಲ್ಲದಿರಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ, ಅದಕ್ಕೆ ಸುರಕ್ಷಿತ ಮಟ್ಟ ಎಂಬುದೊಂದು ಇಲ್ಲ. ಆದರೂ ಅದರ ಸಿಹಿ ವಾಸನೆ ನಮಗೆ ತಿಳಿಯಬೇಕಾದರೆ ಅದು ನಗರದ ಗಾಳಿಯಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕಾಗುತ್ತದೆ.

ಹೈಡ್ರೋಜನ್ ಸಲ್ಫೈಡ್‌ನದು ಇದಕ್ಕೆ ತದ್ವಿರುದ್ಧವಾದ ಉದಾಹರಣೆ. ಜನರಿಂದ ವ್ಯಾಪಕ ದೂರುಗಳು ಬಾರದಿರಬೇಕಾದರೆ ಅದರ ಅರ್ಧ ಗಂಟೆಯ ಸರಾಸರಿ ಘನ ಮೀಟರಿಗೆ 7 ಮೈಕ್ರೊಗ್ರಾಂ ದಾಟಬಾರದೆಂದೂ, ಕಣ್ಣಿನ ಉರಿಯಂಥ ತೊಂದರೆಗಳಿಂದ ರಕ್ಷಣೆಗಾಗಿ ಒಂದು ದಿನದ ಸರಾಸರಿ 150 ಮೈಕ್ರೊಗ್ರಾಂ ದಾಟಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ನಗರವಾಸಿಗಳ ಬಹುಪಾಲು ಸಂಕಟ ಇದೆ: ಸಹಿಸಲಾಗದಷ್ಟು ನಾರುತ್ತಿರುತ್ತದೆ, ಆದರೆ ವಿಷಶಾಸ್ತ್ರದ ಲೆಕ್ಕದಲ್ಲಿ ‘ಮಿತಿಯೊಳಗೆ’ ಇರುತ್ತದೆ. ಇದಲ್ಲದೆ ಅಮೋನಿಯಾದಂಥ ಅನಿಲವು ವಾಸನೆ ಬೀರಿ ಸುಮ್ಮನಾಗುವುದಿಲ್ಲ. ವಾಹನ ಮತ್ತು ಕಾರ್ಖಾನೆಗಳ ಹೊಗೆಯಿಂದ ಉಂಟಾಗುವ ಆಮ್ಲಗಳೊಡನೆ ಕೂಡಿಕೊಂಡು ಅಮೋನಿಯಂ ಲವಣಗಳ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ. ನಿಮ್ಮ ಬೀದಿಯಲ್ಲಿ ನಾರಿದ್ದು ಮರುದಿನ ಬೇರೊಂದು ಬಡಾವಣೆಯ ಸೂಚ್ಯಂಕವನ್ನು ಏರಿಸಿರಬಹುದು.

ಪ್ರಶ್ನೆ: ಮನೆಯ ಹತ್ತಿರದ ಕಸ ವಿಲೇವಾರಿ ಘಟಕದಿಂದ ವಾಸನೆ ಬಂದಾಗಲೆಲ್ಲ ನನಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ; ನಿದ್ದೆಯೂ ಬರುವುದಿಲ್ಲ. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎನ್ನುತ್ತಾರೆ. ಬರೀ ವಾಸನೆಯಿಂದ ಕಾಯಿಲೆ ಬರಲು ಸಾಧ್ಯವೇ?

ಉತ್ತರ: ಈ ಪ್ರಶ್ನೆಗೆ ಉತ್ತರ ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ದುರ್ಗಂಧವೇ ರೋಗದ ಮೂಲವೆಂದು ಪಂಡಿತರೂ ನಂಬಿದ್ದರು. ಕಾಲರಾ ಹರಡುವುದು ಗಾಳಿಯಿಂದಲ್ಲ, ಕಲುಷಿತ ನೀರಿನಿಂದ ಎಂದು 1854ರಲ್ಲಿ ಜಾನ್ ಸ್ನೋ ಲಂಡನ್ನಿನ ಒಂದು ಬೀದಿಪಂಪಿನ ಸುತ್ತಲಿನ ಸಾವುಗಳನ್ನು ಗುರುತಿಸಿ ತೋರಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ಪಾರ್ಲಿಮೆಂಟಿನ ಪರದೆಗಳನ್ನು ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗುಹಾಕಬೇಕಾಯಿತು. ಆ ನಾತದ ಒತ್ತಡದಿಂದಲೇ ಜೋಸೆಫ್ ಬಜಲ್ಗೆಟ್ ಅವರ ಬೃಹತ್ ಒಳಚರಂಡಿ ಯೋಜನೆಗೆ ಹಣ ಮಂಜೂರಾಯಿತು. ವಾಸನೆ ಕಳೆಯಲೆಂದು ಕಟ್ಟಿದ ಚರಂಡಿಯಿಂದ ಕೊಳಚೆ ದೂರ ಹೋಗಿ ಕಾಲರಾ ತಗ್ಗಿತು. ತಪ್ಪು ಕಾರಣಕ್ಕೆ ಸರಿಯಾದ ಕೆಲಸ ನಡೆದ ಇಂಥ ನಿದರ್ಶನಗಳು ನಗರಗಳ ಇತಿಹಾಸದಲ್ಲಿ ವಿರಳ. ರೋಗಾಣುಗಳ ಸಿದ್ಧಾಂತ ಗೆದ್ದ ಮೇಲೆ ಅಭಿಪ್ರಾಯ ಇನ್ನೊಂದು ತುದಿಗೆ ಹೋಯಿತು. ವಾಸನೆ ಎಂದರೆ ಬರೀ ಕಿರಿಕಿರಿ, ಆರೋಗ್ಯದ ವಿಷಯವಲ್ಲ ಎಂಬ ಧೋರಣೆ ಆಡಳಿತದಲ್ಲೂ ವೈದ್ಯಕೀಯದಲ್ಲೂ ಬೇರೂರಿತು. ನಿಮಗೆ ಸಿಕ್ಕಿರುವ ಉತ್ತರ ಆ ಧೋರಣೆಯದು, ಅದು ಸರಿಯಲ್ಲ.

ವಾಸನೆಯುಳ್ಳ ಗಾಳಿ ದೇಹವನ್ನು ಬಾಧಿಸುವ ದಾರಿಗಳು ಒಂದಕ್ಕಿಂತ ಹೆಚ್ಚು. ಅಮೋನಿಯಾ, ಕ್ಲೋರಿನ್, ಫಾರ್ಮಾಲ್ಡಿಹೈಡ್‌ನಂಥವು ಪ್ರಮಾಣ ಹೆಚ್ಚಾದಾಗ ಕಣ್ಣು, ಮೂಗು, ಗಂಟಲುಗಳ ಒಳಪೊರೆಯನ್ನೇ ಕೆರಳಿಸುತ್ತವೆ. ಇದನ್ನು ಗ್ರಹಿಸುವುದು ವಾಸನೆಯ ನರವಲ್ಲ, ಮುಖದಲ್ಲಿ ಹರಡಿಕೊಂಡಿರುವ ಟ್ರೈಜೆಮಿನಲ್ ನರ. ನಾವು ‘ಘಾಟು’ ಎನ್ನುವುದು ಇದನ್ನೇ. ಘಾಟು ಹತ್ತಿ ಕಣ್ಣಲ್ಲಿ ನೀರು ಬಂದರೆ ಅದು ನೇರ ರಾಸಾಯನಿಕ ಪರಿಣಾಮ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಇನ್ನು ಕೆಲವೊಮ್ಮೆ ವಾಸನೆ ತಾನು ನಿರುಪದ್ರವಿಯಾಗಿದ್ದರೂ ಅದರ ಜೊತೆಗೆ ಬರುವ ಕಣಗಳು, ಶಿಲೀಂಧ್ರದ ಬೀಜಕಣಗಳು, ಬ್ಯಾಕ್ಟೀರಿಯಾದ ತುಣುಕುಗಳು ಉಪದ್ರವಕಾರಿಯಾಗಿರುತ್ತವೆ.

ನಿಮ್ಮ ಸ್ಥಿತಿಗೆ ಹೆಚ್ಚು ಹೊಂದುವ ದಾರಿ ಬೇರೆಯದು. ಕೆರಳಿಕೆ ಉಂಟುಮಾಡುವ ಮಟ್ಟಕ್ಕಿಂತ ಎಷ್ಟೋ ಕೆಳಗಿದ್ದಾಗಲೂ ವಾಸನೆಯ ಸಂಕೇತ ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳನ್ನು ಬಹುಬೇಗ ತಲುಪುತ್ತದೆ. ಹೊಲಸು ವಾಸನೆಗೆ ಉಸಿರು ತಾನಾಗಿಯೇ ಚಿಕ್ಕದಾಗುತ್ತದೆ, ಹೊಟ್ಟೆ ತೊಳಸುತ್ತದೆ, ಸ್ನಾಯುಗಳು ಬಿಗಿಯುತ್ತವೆ. ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಇದು ದಿನವೂ ನಡೆದರೆ ದೇಹ ನಿರಂತರ ಒತ್ತಡದಲ್ಲಿ ಬದುಕುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಬೃಹತ್ ಹಂದಿ ಸಾಕಣೆ ಕೇಂದ್ರಗಳ ನೆರೆಯವರನ್ನು ಸೂಸನ್ ಶಿಫ್‌ಮನ್ ಮತ್ತು ಸಂಗಡಿಗರು 1995ರಲ್ಲಿ ಅಧ್ಯಯನ ಮಾಡಿದಾಗ, ಇತರರಿಗಿಂತ ಅವರಲ್ಲಿ ಉದ್ವೇಗ, ಖಿನ್ನತೆ, ಸಿಟ್ಟು, ದಣಿವು ಹೆಚ್ಚಾಗಿ ಕಂಡುಬಂದವು. ಅದೇ ಪ್ರದೇಶದಲ್ಲಿ ನಂತರ ಸ್ಟೀವ್ ವಿಂಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ವಾಸನೆಯ ತೀವ್ರತೆಗೂ ನಿವಾಸಿಗಳ ರಕ್ತದೊತ್ತಡದ ಏರಿಕೆಗೂ ಸಂಬಂಧ ಕಾಣಿಸಿತು. 2015ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸ್ ಬಳಿಯ ಅಲೀಸೊ ಕಣಿವೆಯ ಅನಿಲ ಸಂಗ್ರಹಾಗಾರ ಸೋರತೊಡಗಿ ಮುಂದಿನ ಫೆಬ್ರವರಿಯವರೆಗೂ ನಿಲ್ಲದಿದ್ದಾಗ, ತಲೆನೋವು, ವಾಕರಿಕೆ, ಮೂಗಿನಿಂದ ರಕ್ತಸ್ರಾವದ ದೂರುಗಳು ಬಂದು ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು.

ನಿರೀಕ್ಷೆಯ ಪಾತ್ರವೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಪಮೇಲಾ ಡಾಲ್ಟನ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಒಂದೇ ವಾಸನೆಯನ್ನು ಕೆಲವರಿಗೆ ಸಹಜ ಸಸ್ಯಸಾರವೆಂದೂ ಇನ್ನು ಕೆಲವರಿಗೆ ಹಾನಿಕರ ರಾಸಾಯನಿಕವೆಂದೂ ಹೇಳಿ ಮೂಸಿಸಲಾಯಿತು. ಸಸ್ಯಸಾರವೆಂದು ತಿಳಿದವರಿಗೆ ಕೆಲವು ನಿಮಿಷಗಳಲ್ಲಿ ವಾಸನೆ ಮಸುಕಾಯಿತು. ಹಾನಿಕರವೆಂದು ತಿಳಿದವರಿಗೆ ಅದು ಮಸುಕಾಗಲಿಲ್ಲ. ಇದರಿಂದ ಕೆಲವರು ‘ಎಲ್ಲ ಮನಸ್ಸಿನ ಭ್ರಮೆ’ ಎಂಬ ತೀರ್ಮಾನಕ್ಕೆ ಹಾರುತ್ತಾರೆ. ನಮಗೆ ಕಾಣುವುದು ಬೇರೆ. ಮುಂದಿನ ಉಸಿರಿನಲ್ಲಿ ಏನಿದೆಯೋ ತಿಳಿಯದ ಸ್ಥಿತಿಯೇ ಹಾನಿಯ ಒಂದು ಭಾಗ; ಆದ್ದರಿಂದ ಗಾಳಿಯಲ್ಲಿ ಏನನ್ನು ಅಳೆದಿದ್ದೇವೆ, ಎಷ್ಟಿತ್ತು ಎಂದು ಘಟಕದವರು ನೆರೆಯವರಿಗೆ ಬಿಚ್ಚಿ ಹೇಳುವುದು ಔಪಚಾರಿಕತೆಯಲ್ಲ, ಚಿಕಿತ್ಸೆಯ ಅಂಶವೇ ಆಗಿದೆ. ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಸ್ವಾಸ್ಥ್ಯವೂ ಅದರಲ್ಲಿ ಸೇರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 1948ರ ಸಂವಿಧಾನವೇ ಹೇಳುತ್ತದೆ. ನಿಮಗೆ ಉಬ್ಬಸವಿದ್ದರೆ, ಅಥವಾ ವಾಸನೆಯ ಜೊತೆಗೆ ಎದೆ ಬಿಗಿತ, ಕಣ್ಣುರಿ ಇದ್ದರೆ, ದಿನ ಮತ್ತು ಸಮಯ ಬರೆದಿಟ್ಟುಕೊಂಡು ಮತ್ತೊಮ್ಮೆ ವೈದ್ಯರನ್ನು ಕಾಣುವುದು ಅಗತ್ಯ.

ಪ್ರಶ್ನೆ: ನಮ್ಮ ಮನೆಗೆ ಬರುವ ನೆಂಟರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಏನೂ ಅನ್ನಿಸುವುದಿಲ್ಲ. ನಮ್ಮ ಮೂಗು ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಒಗ್ಗಿಹೋಗಿದೆ. ಬದಲಾಗದ ವಾಸನೆಯನ್ನು ಮೂಗು ಮತ್ತು ಮಿದುಳು ಕೆಲವೇ ನಿಮಿಷಗಳಲ್ಲಿ ಬದಿಗಿಡುತ್ತವೆ, ಹೊಸ ವಾಸನೆಗೆ ಗಮನ ಸಿಗಲೆಂದು. ಬೆಳಗ್ಗಿನಿಂದ ಹೊರಗಿದ್ದು ಸಂಜೆ ಮನೆಗೆ ಮರಳಿದಾಗ ಮೊದಲ ಎರಡು ಉಸಿರುಗಳಲ್ಲಿ ಏನು ತಿಳಿಯುತ್ತದೆಯೋ ಅದು ನಿಮ್ಮ ಮನೆಯ ನಿಜವಾದ ವಾಸನೆ. ಒಗ್ಗಿಕೊಂಡ ಮಾತ್ರಕ್ಕೆ ಅನಿಲದ ಪರಿಣಾಮ ಇಲ್ಲವಾಗುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಿ ಇದು ಪ್ರಾಣಕ್ಕೇ ಸಂಬಂಧಿಸಿದ್ದು. ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದರೆ ಕೆಲವು ನಿಮಿಷಗಳಲ್ಲಿ ಮೂಗು ಮರಗಟ್ಟಿ ವಾಸನೆಯೇ ನಿಂತುಹೋಗುತ್ತದೆ. ಅದಕ್ಕೂ ಹಲವು ಪಟ್ಟು ಹೆಚ್ಚಾದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಮ್ಯಾನ್‌ಹೋಲ್‌ನಲ್ಲಿ ‘ಈಗ ವಾಸನೆ ಕಡಿಮೆಯಾಯಿತು’ ಎಂದು ಯಾರನ್ನಾದರೂ ಇಳಿಸುವುದು ಕೊಲೆಗೆ ಸಮಾನ.

ಪ್ರಶ್ನೆ: ವಾಸನೆಯನ್ನು ಅಳೆಯಲು ಸಾಧ್ಯವೇ? ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗೆ ಆಗದು ಎಂದಮೇಲೆ ಕಾನೂನು ಮಾಡುವುದು ಹೇಗೆ?

ಉತ್ತರ: ಸಾಧ್ಯವಿದೆ, ಆ ಮಾಪಕ ಮನುಷ್ಯರ ಮೂಗೇ. ವಾಸನೆಯ ಗ್ರಾಹಕಗಳ ಜೀನ್ ಕುಟುಂಬವನ್ನು 1991ರಲ್ಲಿ ಗುರುತಿಸಿ 2004ರಲ್ಲಿ ನೊಬೆಲ್ ಪಡೆದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರ ಕೆಲಸದಿಂದ ಮುಂದುವರಿದ ಸಂಶೋಧನೆಗಳ ಪ್ರಕಾರ ಮನುಷ್ಯರಲ್ಲಿ ಸುಮಾರು ನಾನೂರು ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ. ನೂರಾರು ರಾಸಾಯನಿಕಗಳ ಮಿಶ್ರಣವನ್ನು ಅವು ಒಟ್ಟಾಗಿ ಓದುವ ರೀತಿಯನ್ನು ಅನುಕರಿಸುವ ಯಂತ್ರ ಇನ್ನೂ ಬಂದಿಲ್ಲ. ‘ಎಲೆಕ್ಟ್ರಾನಿಕ್ ಮೂಗು’ ಎಂದು ಮಾರುವ ಉಪಕರಣಗಳು ನಿರ್ದಿಷ್ಟ ಘಟಕದ ವಾಸನೆಗೆ ತರಬೇತಿ ಪಡೆದ ಮೇಲೆ ಅಲ್ಲಿ ಉಪಯುಕ್ತ, ಎಲ್ಲೆಡೆ ಅಲ್ಲ.

ಯುರೋಪಿನ ಇಎನ್ 13725 ಎಂಬ ಮಾನದಂಡದ ವಿಧಾನ ಹೀಗಿದೆ. ಚಿಮಣಿ ಅಥವಾ ಕೊಳಚೆ ತೊಟ್ಟಿಯ ಮೇಲಿನ ಗಾಳಿಯನ್ನು ವಾಸನೆರಹಿತ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ತಡಮಾಡದೆ ಪ್ರಯೋಗಾಲಯಕ್ಕೆ ತರುತ್ತಾರೆ. ಅಲ್ಲಿ ಕನಿಷ್ಠ ನಾಲ್ವರು ಮೂಸುವವರು ಕುಳಿತಿರುತ್ತಾರೆ. ಅವರು ವಿಶೇಷ ಚುರುಕು ಮೂಗಿನವರಾಗಿರಬಾರದು, ಮಂದ ಮೂಗಿನವರೂ ಆಗಿರಬಾರದು; ಬ್ಯುಟನಾಲ್ ಎಂಬ ದ್ರವದ ಆವಿಯನ್ನು ಶತಕೋಟಿಗೆ 20ರಿಂದ 80 ಭಾಗದ ನಡುವೆ ಗುರುತಿಸುವವರನ್ನೇ ಆರಿಸುತ್ತಾರೆ. ಅಂದು ಅವರು ಸುಗಂಧ ಪೂಸಿಕೊಳ್ಳುವಂತಿಲ್ಲ. ಪರೀಕ್ಷೆಗೆ ಮುನ್ನ ಅರ್ಧ ಗಂಟೆ ತಿನ್ನುವಂತಿಲ್ಲ, ಧೂಮಪಾನ ಮಾಡುವಂತಿಲ್ಲ. ಯಂತ್ರದ ಕೊಳವೆಗೆ ಮೂಗು ಒಡ್ಡಿದಾಗ ಮೊದಲು ಬರುವುದು ವಾಸನೆಯೇ ತಿಳಿಯದಷ್ಟು ತೆಳುಗೊಳಿಸಿದ ಗಾಳಿ. ನಂತರ ಹಂತ ಹಂತವಾಗಿ ಸಾಂದ್ರತೆ ಏರುತ್ತದೆ. ನಡುನಡುವೆ ಬರೀ ಶುದ್ಧ ಗಾಳಿಯನ್ನೂ ಕಳುಹಿಸುತ್ತಾರೆ, ಊಹಿಸಿ ಹೇಳುವವರನ್ನು ಹಿಡಿಯಲು. ತಂಡದ ಅರ್ಧದಷ್ಟು ಜನರಿಗೆ ವಾಸನೆ ತಿಳಿಯುವ ಮಟ್ಟವೇ ಘನ ಮೀಟರಿಗೆ ಒಂದು ವಾಸನಾ ಏಕಮಾನ. ಚೀಲದ ಗಾಳಿಯನ್ನು ಸಾವಿರ ಪಟ್ಟು ತೆಳುಗೊಳಿಸಿದಾಗ ಆ ಮಟ್ಟ ಬಂದರೆ ಅದರ ಬಲ ಸಾವಿರ ಏಕಮಾನ. 1971ರಲ್ಲಿಯೇ ದುರ್ವಾಸನೆ ನಿಯಂತ್ರಣ ಕಾಯ್ದೆ ತಂದ ಜಪಾನಿನಲ್ಲಿ ಇನ್ನೂ ಸರಳವಾದ ಕ್ರಮವಿದೆ: ಮೂರು ಚೀಲಗಳಲ್ಲಿ ಒಂದರಲ್ಲಿ ಮಾತ್ರ ವಾಸನೆಯ ಗಾಳಿ ಇರುತ್ತದೆ, ಯಾವುದೆಂದು ಹೇಳಬೇಕು.

ಬೀದಿಯಲ್ಲಿ ಅಳೆಯುವುದಕ್ಕೂ ಕ್ರಮವಿದೆ. ಜರ್ಮನಿಯಲ್ಲಿ ತರಬೇತಿ ಪಡೆದ ವ್ಯಕ್ತಿ ಗೊತ್ತುಪಡಿಸಿದ ಜಾಗದಲ್ಲಿ ಹತ್ತು ನಿಮಿಷ ನಿಂತು ಪ್ರತಿ ಹತ್ತು ಸೆಕೆಂಡಿಗೊಮ್ಮೆ ಮೂಸಿ ಬರೆದುಕೊಳ್ಳುತ್ತಾನೆ. ಅರವತ್ತು ಬಾರಿಯಲ್ಲಿ ಆರು ಬಾರಿ ವಾಸನೆ ಗುರುತಾದರೆ ಅದನ್ನು ‘ವಾಸನೆಯ ಗಂಟೆ’ ಎಂದು ಎಣಿಸುತ್ತಾರೆ. ಜನವಸತಿ ಪ್ರದೇಶದಲ್ಲಿ ವರ್ಷದ ಒಟ್ಟು ಗಂಟೆಗಳಲ್ಲಿ ಇಂಥವು ಶೇಕಡ 10 ಮೀರಬಾರದು ಎಂಬುದು ಅಲ್ಲಿನ ನಿಯಮ. ಇಷ್ಟಕ್ಕೂ ಒಬ್ಬರ ಅಭಿರುಚಿಯನ್ನು ಯಾರೂ ಅಳೆಯುತ್ತಿಲ್ಲ. ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ತೀವ್ರವಾಗಿ ಎಂಬುದನ್ನು ಎಣಿಸುತ್ತಿದ್ದಾರೆ. ಶಬ್ದಮಾಲಿನ್ಯಕ್ಕೆ ಮಿತಿ ಹಾಕಬಹುದಾದರೆ ಇದಕ್ಕೂ ಹಾಕಬಹುದು.

ಪ್ರಶ್ನೆ: ಹಗಲಿನಲ್ಲಿ ಇರದ ನಾತ ರಾತ್ರಿ ಮತ್ತು ನಸುಕಿನಲ್ಲಿಯೇ ಏಕೆ? ಕಾರ್ಖಾನೆಯವರು ಕತ್ತಲಲ್ಲಿ ಕದ್ದು ಅನಿಲ ಬಿಡುತ್ತಾರೆಂದು ನಮ್ಮ ಅನುಮಾನ.

ಉತ್ತರ: ಅಂಥದ್ದು ನಡೆಯುವುದೇ ಇಲ್ಲವೆಂದು ಹೇಳಲಾಗದು, ಆದರೆ ಮೊದಲು ಹವೆಯನ್ನು ಅನುಮಾನಿಸಬೇಕು. ಹಗಲಿನಲ್ಲಿ ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇರುತ್ತಾ ಎಲ್ಲವನ್ನೂ ನೂರಾರು ಮೀಟರ್ ಎತ್ತರದವರೆಗೆ ಕಲಸಿ ತೆಳುಗೊಳಿಸುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ; ತಂಪು ಗಾಳಿ ಕೆಳಗೆ, ಬೆಚ್ಚಗಿನ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಆಗ ಹೊರಬಿದ್ದ ವಾಸನೆ ಮೇಲೇರಲಾರದೆ ನೆಲಕ್ಕೆ ಅಂಟಿಕೊಂಡು ತಗ್ಗಿನ ಕಡೆಗೆ ಹರಿಯುತ್ತದೆ. ಅದೇ ಪ್ರಮಾಣದ ಅನಿಲ ಮಧ್ಯಾಹ್ನ ಯಾರ ಗಮನಕ್ಕೂ ಬಾರದೆ, ನಸುಕಿನಲ್ಲಿ ಇಡೀ ಬಡಾವಣೆಯನ್ನು ಎಬ್ಬಿಸಬಹುದು. ಹಳೆಯ ಕಸದ ಗುಡ್ಡಗಳಿಂದಾದರೆ ವಾಯುಭಾರ ಕುಸಿದಾಗಲೂ, ಅಂದರೆ ಮಳೆ ಬರುವ ಮುನ್ನ, ಒಳಗಿನ ಅನಿಲ ಹೆಚ್ಚಾಗಿ ಹೊರಬರುತ್ತದೆ.

ಘಟಕದವರಿಗೆ ಇದು ನೆಪವಾಗಬಾರದು. ಗೊಬ್ಬರದ ರಾಶಿಯನ್ನು ಮಗುಚುವುದು, ಕೆಸರನ್ನು ಲಾರಿಗೆ ತುಂಬುವುದು ಇಂಥ ನಾತದ ಕೆಲಸಗಳನ್ನು ಬಿಸಿಲೇರಿದ ಮೇಲೆ, ಗಾಳಿ ಮನೆಗಳ ಕಡೆಗೆ ಬೀಸದಿರುವಾಗ ಮಾಡಲು ಯಾವ ಯಂತ್ರವೂ ಬೇಕಿಲ್ಲ. ಕೆಲಸದ ವೇಳಾಪಟ್ಟಿ ಬದಲಿಸಿದರೆ ಸಾಕು.

ಪ್ರಶ್ನೆ: ಎರಡು ತಿಂಗಳು ಬೀಗ ಹಾಕಿದ್ದ ಮನೆಗೆ ಮರಳಿದಾಗ ಬಚ್ಚಲಿನಲ್ಲಿ ಚರಂಡಿಯ ನಾತ. ಪೈಪ್ ಒಡೆದಿದೆಯೇ?

ಉತ್ತರ: ಬಹುಶಃ ಒಡೆದಿಲ್ಲ, ಒಣಗಿದೆ. ಬಚ್ಚಲಿನ ಜಾಲರಿಯ ಕೆಳಗೆ, ಸಿಂಕಿನ ಕೆಳಗೆ ಪೈಪು ಬಾಗಿ ತಿರುಗಿರುವ ಜಾಗದಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ನಾಲ್ಕೈದು ಸೆಂಟಿಮೀಟರ್ ಎತ್ತರದ ಆ ನೀರೇ ಒಳಚರಂಡಿಯ ಅನಿಲಕ್ಕೂ ನಿಮ್ಮ ಮನೆಗೂ ನಡುವೆ ಇರುವ ತಡೆ. ಬಳಕೆಯಿಲ್ಲದಿದ್ದಾಗ ಅದು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ಒಂದು ಬಕೆಟ್ ನೀರು ಸುರಿದು, ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಕಾಯಿರಿ. ಮುಂದೆ ಊರಿಗೆ ಹೋಗುವಾಗ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆವಿಯಾಗುವುದು ನಿಧಾನವಾಗುತ್ತದೆ. ನೀರು ಹಾಕಿದ ಮೇಲೂ ನಾತ ಮರುಕಳಿಸಿದರೆ, ಅಥವಾ ಮೇಲಿನ ಮನೆಯವರು ನೀರು ಬಿಟ್ಟಾಗ ನಿಮ್ಮ ಬಚ್ಚಲಿನಲ್ಲಿ ಗುಳುಗುಳು ಸದ್ದು ಕೇಳಿಸಿದರೆ, ಛಾವಣಿಯವರೆಗೆ ಹೋಗುವ ಗಾಳಿ ಪೈಪು ಕಟ್ಟಿಕೊಂಡು ಬಾಗಿನ ನೀರನ್ನು ಹೀರಿ ಎಳೆಯುತ್ತಿದೆ ಎಂದರ್ಥ. ಆಗ ಪ್ಲಂಬರನ್ನು ಕರೆಸಬೇಕು.

ಚರಂಡಿಯಲ್ಲಿ ನಾತ ಹುಟ್ಟುವ ಬಗೆಯನ್ನೂ ಹೇಳಿಬಿಡಬೇಕು. ನೀರು ನಿಧಾನವಾಗಿ ಹರಿಯುವ ಕಡೆ ಕೊಳವೆಯ ಒಳಗೋಡೆಗೆ ಲೋಳೆ ಕಟ್ಟುತ್ತದೆ. ಅದರೊಳಗೆ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿನ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಮೇಲೇರಿದ ಅನಿಲವನ್ನು ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿಸಿ ಕಾಂಕ್ರೀಟನ್ನೇ ತಿಂದುಹಾಕುತ್ತವೆ. ರಸ್ತೆಯ ಮ್ಯಾನ್‌ಹೋಲ್ ಸದಾ ನಾರುತ್ತಿದ್ದರೆ ಕೆಳಗಿನ ಕೊಳವೆ ಸವೆಯುತ್ತಿದೆ ಎಂದು ಎಂಜಿನಿಯರುಗಳು ಅದನ್ನು ಮುನ್ಸೂಚನೆಯಾಗಿ ತೆಗೆದುಕೊಳ್ಳಬೇಕು.

ಪ್ರಶ್ನೆ: ಹೊರಗಿನ ನಾತ ತಡೆಯಲು ಮನೆಯಲ್ಲಿ ದಿನವೂ ರೂಂ ಫ್ರೆಶ್‌ನರ್ ಬಳಸುತ್ತೇವೆ. ತೊಂದರೆಯಿದೆಯೇ?

ಉತ್ತರ: ನಾತ ಹೋಗುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಕೂರುತ್ತದೆ, ಉಸಿರಾಡುವ ರಾಸಾಯನಿಕಗಳ ಸಂಖ್ಯೆ ಹೆಚ್ಚುತ್ತದೆ. ನಿಂಬೆಯ ಪರಿಮಳಕ್ಕಾಗಿ ಬಳಸುವ ಲಿಮೋನೀನ್ ಹೊರಗಿನಿಂದ ಬರುವ ಓಝೋನ್ ಜೊತೆ ವರ್ತಿಸಿ ಫಾರ್ಮಾಲ್ಡಿಹೈಡನ್ನೂ ಅತಿಸೂಕ್ಷ್ಮ ಕಣಗಳನ್ನೂ ಉಂಟುಮಾಡುತ್ತದೆ. ಮನೆಯ ಮಟ್ಟದಲ್ಲಷ್ಟೇ ಅಲ್ಲ, ನಗರದ ಮಟ್ಟದಲ್ಲಿಯೂ ಇದು ಲೆಕ್ಕಕ್ಕೆ ಬರುತ್ತದೆ. ವಾಹನಗಳ ಹೊಗೆ ಸ್ವಚ್ಛವಾದಂತೆ, ಬಣ್ಣ, ಅಂಟು, ಸ್ವಚ್ಛಕಾರಕ, ಸುಗಂಧಗಳಂಥ ನಿತ್ಯಬಳಕೆಯ ವಸ್ತುಗಳೇ ಕೈಗಾರಿಕಾ ದೇಶಗಳ ನಗರಗಳಲ್ಲಿ ಪೆಟ್ರೋಲಿಯಂ ಮೂಲದ ಆವಿಗಳ ಸುಮಾರು ಅರ್ಧಪಾಲು ಕೊಡುತ್ತಿವೆ ಎಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಾತವಿಲ್ಲದ ಹೊತ್ತಿನಲ್ಲಿ ಕಿಟಕಿ ತೆರೆಯಿರಿ, ನಾತ ಬರುವ ಹೊತ್ತಿನಲ್ಲಿ ಮುಚ್ಚಿರಿ. ಗಾಳಿ ಶುದ್ಧಿಯಂತ್ರ ಕೊಳ್ಳುವುದಾದರೆ ಸಕ್ರಿಯ ಇಂಗಾಲದ ದಪ್ಪ ಪದರವಿದೆಯೇ ನೋಡಿ. ಧೂಳಿನ ಫಿಲ್ಟರ್ ಮಾತ್ರವಿದ್ದರೆ ಅನಿಲಗಳು ಅದರ ಮೂಲಕ ನೇರವಾಗಿ ಹಾದುಹೋಗುತ್ತವೆ. ಓಝೋನ್ ಉತ್ಪಾದಿಸಿ ‘ತಾಜಾ’ ಮಾಡುವ ಯಂತ್ರಗಳನ್ನು ಮನೆಯೊಳಗೆ ತರಲೇಬೇಡಿ, ಓಝೋನ್ ಶ್ವಾಸಕೋಶಕ್ಕೆ ಹಾನಿಕರ.

ಪ್ರಶ್ನೆ: ಸಂಸ್ಕರಣಾ ಘಟಕದವರು ಶೇಕಡ 90ರಷ್ಟು ವಾಸನೆ ತೆಗೆಯುವ ಉಪಕರಣ ಹಾಕಿದ್ದೇವೆ ಎಂದು ವರದಿ ತೋರಿಸುತ್ತಾರೆ. ನಮಗೆ ವ್ಯತ್ಯಾಸವೇ ತಿಳಿಯುತ್ತಿಲ್ಲ. ವರದಿ ಸುಳ್ಳೇ?

ಉತ್ತರ: ವರದಿ ನಿಜವಿದ್ದೂ ನಿಮ್ಮ ಅನುಭವ ನಿಜವಿರಬಹುದು. ವಾಸನೆಯ ತೀವ್ರತೆ ಸಾಂದ್ರತೆಯೊಡನೆ ಸಮವಾಗಿ ಏರಿಳಿಯುವುದಿಲ್ಲ. ಸಾಂದ್ರತೆ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಮೂಗಿಗೆ ಅನ್ನಿಸುವುದು ಒಂದೆರಡು ಮೆಟ್ಟಿಲು ಇಳಿದಷ್ಟು ಮಾತ್ರ. ಹತ್ತು ಸಾವಿರ ಏಕಮಾನದ ಗಾಳಿ ಸಾವಿರಕ್ಕೆ ಇಳಿದರೆ ಕಾಗದದ ಮೇಲೆ ಅದು ದೊಡ್ಡ ಸಾಧನೆ. ಸಾವಿರ ಏಕಮಾನವೂ ಹೊಲಸು ನಾತವೇ. ಹೀಗಾಗಿ ಶೇಕಡವಾರು ಲೆಕ್ಕವನ್ನು ಬದಿಗಿಟ್ಟು, ಹೊರಬರುವ ಗಾಳಿಯಲ್ಲಿ ಇನ್ನೂ ಎಷ್ಟು ಏಕಮಾನ ಉಳಿದಿದೆ, ಹತ್ತಿರದ ಮನೆಯ ಬಳಿ ಎಷ್ಟಾಗುತ್ತದೆ ಎಂದು ಕೇಳಬೇಕು.

ಎರಡನೆಯದಾಗಿ, ಉಪಕರಣದ ಮೂಲಕ ಹಾದುಹೋಗುವ ಗಾಳಿ ಯಾವುದು? ತೊಟ್ಟಿಗಳ ಮೇಲೆ ಮುಚ್ಚಳವಿಲ್ಲದೆ, ಲಾರಿ ಬರುವ ಬಾಗಿಲು ದಿನವಿಡೀ ತೆರೆದಿದ್ದರೆ, ಹೆಚ್ಚಿನ ನಾತ ಚಿಮಣಿಯ ಹೊರಗಿನಿಂದಲೇ ಹೋಗುತ್ತಿರುತ್ತದೆ. ಉಪಕರಣ ಬಯೋಫಿಲ್ಟರ್ ಆಗಿದ್ದರೆ ಅದರ ನಿರ್ವಹಣೆಯನ್ನು ನೋಡಬೇಕು. ಮರದ ಚೂರು ಮತ್ತು ಗೊಬ್ಬರ ತುಂಬಿದ ಸುಮಾರು ಒಂದು ಮೀಟರ್ ದಪ್ಪದ ಹಾಸಿನೊಳಗೆ ನಾತದ ಗಾಳಿಯನ್ನು ಕೆಳಗಿನಿಂದ ಹಾಯಿಸಿದಾಗ, ಅಲ್ಲಿನ ಸೂಕ್ಷ್ಮಜೀವಿಗಳು ಅನಿಲಗಳನ್ನು ಆಹಾರವಾಗಿ ತಿಂದು ಮುಗಿಸುತ್ತವೆ. ಕೊಳಚೆ ಮತ್ತು ಗೊಬ್ಬರದ ಘಟಕಗಳಿಗೆ ಇದಕ್ಕಿಂತ ಯೋಗ್ಯವಾದ, ಮಿತವ್ಯಯದ ವಿಧಾನ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಹಾಸು ಒಣಗಿ ಬಿರುಕು ಬಿಟ್ಟರೆ ಗಾಳಿ ಆ ಬಿರುಕಿನಲ್ಲಿಯೇ ನುಸುಳಿ ಹೋಗುತ್ತದೆ. ತೇವ ಸರಿಯಾಗಿದೆಯೇ, ಹಾಸನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂಬ ಪ್ರಶ್ನೆಗಳಿಗೆ ಅವರು ತಡವರಿಸಿದರೆ ಕಾರಣ ಅಲ್ಲೇ ಇದೆ. ಕಾಂಪೌಂಡಿನ ಉದ್ದಕ್ಕೂ ಸುಗಂಧದ ಮಂಜು ಸಿಂಪಡಿಸುವ ಏರ್ಪಾಡನ್ನು ಪರಿಹಾರವೆಂದು ಒಪ್ಪಬೇಡಿ.

ಪ್ರಶ್ನೆ: ಸುತ್ತಲೂ ಮರ ನೆಟ್ಟರೆ ನಾತ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. ದಟ್ಟವಾದ ಮರಸಾಲು ಗಾಳಿಯನ್ನು ಮೇಲಕ್ಕೆ ತಳ್ಳಿ ಸ್ವಲ್ಪ ಕಲಸುತ್ತದೆ, ವಾಸನೆ ಹೊತ್ತ ಧೂಳನ್ನು ಹಿಡಿಯುತ್ತದೆ. ಕಣ್ಣಿಗೆ ಘಟಕ ಕಾಣದಿದ್ದರೆ ಅಸಹನೆ ತುಸು ತಗ್ಗುವುದೂ ಉಂಟು. ಮೂಲದಲ್ಲಿ ಆಗಬೇಕಾದ ಕೆಲಸಕ್ಕೆ ಅದು ಬದಲಿಯಾಗದು.

ಪ್ರಶ್ನೆ: ನಮ್ಮ ಪಕ್ಕದಲ್ಲಿರುವುದು ಸುಗಂಧದ್ರವ್ಯದ ಕಾರ್ಖಾನೆ. ದೂರು ಕೊಟ್ಟರೆ ನಗುತ್ತಾರೆ. ಒಳ್ಳೆಯ ವಾಸನೆಯನ್ನೂ ಮಾಲಿನ್ಯ ಎನ್ನಬಹುದೇ?

ಉತ್ತರ: ಧಾರಾಳವಾಗಿ ಎನ್ನಬಹುದು. ಮಲ್ಲಿಗೆಯ ಕಂಪಿನಲ್ಲಿರುವ ಇಂಡೋಲ್ ಎಂಬ ಪದಾರ್ಥವೇ ಸಾಂದ್ರವಾದಾಗ ಮಲದ ವಾಸನೆ ಕೊಡುತ್ತದೆ. ಕಂಪು ಮತ್ತು ನಾತಗಳ ಗಡಿ ಪದಾರ್ಥದಲ್ಲಿ ಮಾತ್ರವಲ್ಲ, ಪ್ರಮಾಣದಲ್ಲಿಯೂ ಇದೆ. ಎಷ್ಟು ಬಾರಿ, ಎಷ್ಟು ತೀವ್ರ, ಎಷ್ಟು ಹೊತ್ತು, ಎಷ್ಟು ಅಹಿತಕರ, ಯಾವ ಜಾಗದಲ್ಲಿ ಎಂಬ ಐದು ಸಂಗತಿಗಳನ್ನು ತಜ್ಞರು ಕೇಳುತ್ತಾರೆ. ಅವುಗಳಲ್ಲಿ ಒಂದು ಮಾತ್ರ ವಾಸನೆಯ ಗುಣಕ್ಕೆ ಸಂಬಂಧಿಸಿದ್ದು. ಮಲಗುವ ಕೋಣೆಯಲ್ಲಿ ವರ್ಷವಿಡೀ ಬಿಡದೆ ತುಂಬಿರುವ ಯಾವ ಪರಿಮಳವೂ ಶಿಕ್ಷೆಯೇ. ಉಬ್ಬಸ ಇರುವವರಿಗೆ ಅದು ಕಾಯಿಲೆ ಕೆರಳಿಸಲೂಬಹುದು.

ಪ್ರಶ್ನೆ: ದೂರು ಕೊಟ್ಟಾಗ ಅಧಿಕಾರಿಗಳು ಬರುವ ಹೊತ್ತಿಗೆ ವಾಸನೆ ಇರುವುದಿಲ್ಲ. ಸಾಬೀತುಪಡಿಸುವುದು ಹೇಗೆ?

ಉತ್ತರ: ದಿನಚರಿ ಇಡಿ. ದಿನಾಂಕ, ಆರಂಭ ಮತ್ತು ಅಂತ್ಯದ ಸಮಯ, ನೀವಿದ್ದ ಜಾಗ, ಗಾಳಿ ಬೀಸುತ್ತಿದ್ದ ದಿಕ್ಕು, ತೀವ್ರತೆ ಸೊನ್ನೆಯಿಂದ ಆರರವರೆಗೆ, ವಾಸನೆ ಯಾವುದರಂತಿತ್ತು ಎಂಬ ವಿವರ. ‘ಗಬ್ಬು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ‘ಕೊಳೆತ ಮೊಟ್ಟೆ’ ಎಂದರೆ ಗಂಧಕ, ‘ಮೂತ್ರಾಲಯದ ಘಾಟು’ ಎಂದರೆ ಅಮೋನಿಯಾ, ‘ಹುಳಿತ ಬೆಣ್ಣೆ’ ಎಂದರೆ ಬ್ಯುಟಿರಿಕ್ ಆಮ್ಲ, ‘ಸುಟ್ಟ ರಬ್ಬರ್’ ಎಂದರೆ ಇನ್ನೇನೋ ಎಂದು ತನಿಖೆ ಮಾಡುವವರಿಗೆ ದಾರಿ ಸಿಗುತ್ತದೆ. ವಾಸನೆ ಇರದ ದಿನಗಳನ್ನೂ ತಪ್ಪದೆ ಬರೆಯಿರಿ. ಅದಿಲ್ಲದ ದಿನಚರಿಯನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಬೇರೆ ಬೇರೆ ಬೀದಿಗಳ ಏಳೆಂಟು ಮನೆಯವರು ಒಬ್ಬರನ್ನೊಬ್ಬರು ಕೇಳದೆ ಒಂದೆರಡು ತಿಂಗಳು ಹೀಗೆ ಬರೆದರೆ, ಹವಾಮಾನ ಇಲಾಖೆಯ ಗಾಳಿಯ ದಿಕ್ಕಿನ ಮಾಹಿತಿಯೊಡನೆ ಅದನ್ನು ಹೋಲಿಸಿ ನೋಡಿದಾಗ ಮೂಲ ಯಾವ ಕಡೆಯಿದೆ ಎಂಬುದು ಸಾಮಾನ್ಯವಾಗಿ ಗೋಚರಿಸುತ್ತದೆ. ಎಷ್ಟೋ ಬಾರಿ ಎಲ್ಲರೂ ಬೈಯುತ್ತಿದ್ದ ಕಾರ್ಖಾನೆಯ ಬದಲು ಅದರ ಪಕ್ಕದ ನಿಂತ ನೀರಿನ ಕಾಲುವೆಯೇ ಕಾರಣವೆಂದು ತಿಳಿದುಬರುತ್ತದೆ.

ಪ್ರಶ್ನೆ: ಮೊದಲ ಮಳೆಯ ನಂತರದ ಮಣ್ಣಿನ ವಾಸನೆ ಗಾಳಿ ಶುದ್ಧವಾಗಿರುವುದರ ಗುರುತೇ?

ಉತ್ತರ: ಆ ವಾಸನೆಯ ಮುಖ್ಯ ಕಾರಣ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್. ಅದು ಲಕ್ಷ ಕೋಟಿಗೆ ಕೆಲವೇ ಭಾಗಗಳಿದ್ದರೂ ಮೂಗಿಗೆ ತಿಳಿಯುತ್ತದೆ. ಮಳೆ ಧೂಳನ್ನು ತೊಳೆಯುವುದು ನಿಜ. ಆದರೆ ಮಣ್ಣಿನ ವಾಸನೆ ಹೇಳುವುದು ನೆಲ ನೆನೆದಿದೆ ಎಂದಷ್ಟೇ.

ಪ್ರಶ್ನೆ: ನನಗೆ ಎಪ್ಪತ್ತೆರಡು ವರ್ಷ. ವೈರಸ್ ಜ್ವರದ ನಂತರ ವಾಸನೆಯೇ ತಿಳಿಯುತ್ತಿಲ್ಲ. ಒಬ್ಬಳೇ ಇರುತ್ತೇನೆ. ಯಾವ ಎಚ್ಚರಿಕೆ ಬೇಕು?

ಉತ್ತರ: ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಪರಿಚಿತವಾದ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ ಗಮನವಿಟ್ಟು ಮೂಸುವ ಅಭ್ಯಾಸವನ್ನು ಅವರು ಹೇಳಿಕೊಡಬಹುದು. ತಿಂಗಳುಗಟ್ಟಲೆ ಬಿಡದೆ ಮಾಡಿದರೆ ಹಲವರಿಗೆ ಅದರಿಂದ ಅನುಕೂಲವಾಗಿದೆ.

ಮನೆಯಲ್ಲಿ ಅಡುಗೆ ಅನಿಲದ ವಿಷಯ ತಕ್ಷಣ ನೋಡಬೇಕು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಬೆರೆಸುತ್ತಾರೆ. 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಶಾಲೆಯೊಂದು ಸ್ಫೋಟಗೊಂಡು ಸುಮಾರು ಮುನ್ನೂರು ಮಂದಿ, ಹೆಚ್ಚಾಗಿ ಮಕ್ಕಳು, ಸತ್ತ ನಂತರ ಈ ಕ್ರಮ ವ್ಯಾಪಕವಾಗಿ ಕಡ್ಡಾಯವಾಯಿತು. ನಿಮಗೆ ಆ ಎಚ್ಚರಿಕೆ ಈಗ ಕೇಳಿಸುವುದಿಲ್ಲವಾದ್ದರಿಂದ ಸದ್ದು ಮಾಡುವ ಗ್ಯಾಸ್ ಡಿಟೆಕ್ಟರ್ ಹಾಕಿಸಿಕೊಳ್ಳಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದನ್ನು ನೆಲಕ್ಕೆ ಹತ್ತಿರವಾಗಿ, ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರವಾದ್ದರಿಂದ ಛಾವಣಿಗೆ ಹತ್ತಿರವಾಗಿ ಅಳವಡಿಸಬೇಕು. ಹಾಕುವವರು ಇದನ್ನು ಅದಲುಬದಲು ಮಾಡುವುದುಂಟು. ನೀವೇ ಎದುರು ನಿಂತು ನೋಡಿಕೊಳ್ಳಿ.